ಬೋಂಡನ ಮೂರು ತಿಂಗಳ ಪ್ರೊಬೇಷನ್

ನನ್ನ ಜೀವನದಲ್ಲಿ "ಇದು ಆಗೋ ಮಾತಲ್ಲ" ಎಂದು ಮುಖಕ್ಕೇ ಹೇಳಿದವರು ಇಬ್ಬರು. ಒಬ್ಬರು ನನ್ನ ಸೋದರಮಾವ ಪುಟ್ಟಸ್ವಾಮಿ. "ಟಾಂಗಾ ಹೊಡೆಯೋನ ಮಗ ಇಂಜಿನಿಯರ್ ಆದ್ರೆ, ಟಾಂಗಾ ಎಳೆಯೋ ಕುದುರೆ ಡಿ.ಸಿ. ಆಗತ್ತೆ" ಎಂದು ಮೈಸೂರಿನ ನಮ್ಮ ಮನೆಯಲ್ಲಿ ಕೂತು, ನಮ್ಮದೇ ಕಾಫಿ ಕುಡಿಯುತ್ತಾ ಹೇಳಿದ್ದರು. ಇನ್ನೊಬ್ಬಳು ನನ್ನ ಸ್ವಂತ ತಾಯಿ ನಂಜಮ್ಮ. "ನಿನ್ನ ಕೈಲಿ ಆಮೆ ಸಾಕೋದು ಆಗೋ ಮಾತಲ್ಲಪ್ಪ" ಎಂದು ವರ್ಜೀನಿಯಾದ ಸ್ಟರ್ಲಿಂಗ್‌ನ ನಮ್ಮ ಮನೆಯ ಸೋಫಾದ ಮೇಲೆ ಕೂತು ಹೇಳಿದಳು. ಕಾಫಿ ಇಲ್ಲೂ ನಮ್ಮದೇ.

ಮಾವನಿಗೆ ನಾನು ಕೊಟ್ಟ ಉತ್ತರ ಇವತ್ತಿಗೂ ನಮ್ಮ ಹಾಲಿನ ಗೋಡೆಯ ನಟ್ಟನಡುವೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದೆ. ಬಿ.ಇ., ಮೆಕ್ಯಾನಿಕಲ್! ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದ ಮೊದಲ ಮನುಷ್ಯ ನಾನು. ಅಪ್ಪ ಕೂಡ ದಾಟಿದ್ದುಂಟು, ಆದರೆ ಸವಾರಿ ಇಳಿಸಿ ವಾಪಸು ಬಂದಿದ್ದರು. ಎಮ್-ತ್ರೀ ಎಂಬ ಗಣಿತದ ಪೇಪರನ್ನು ನಾಲ್ಕನೇ ಸಲಕ್ಕೆ ಪಾಸು ಮಾಡಿದೆ. ಪುಣ್ಯಕ್ಕೆ ಎಷ್ಟನೇ ಸಲಕ್ಕೆ ಎಂಬುದನ್ನು ಸರ್ಟಿಫಿಕೇಟಿನ ಮೇಲೆ ಬರೆಯುವುದಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಆ ನಾಲ್ಕು ಸಲದಿಂದ ನನಗೆ ಒಂದು ಧೈರ್ಯ ಬಂದುಬಿಟ್ಟಿದೆ. ಪುಸ್ತಕ ಹಿಡಿದು ಪಟ್ಟು ಹಿಡಿದು ಕೂತರೆ ಯಾವ ವಿದ್ಯೆಯೂ ನನ್ನಿಂದ ತಪ್ಪಿಸಿಕೊಳ್ಳಲಾರದು. ಹಾಗಿರುವಾಗ ಒಂದು ಆಮೆ ತಪ್ಪಿಸಿಕೊಂಡೀತೆ?

ತಪ್ಪಿಸಿಕೊಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಆಮೆಯ ವಿಷಯ ತಂದವಳು ನನ್ನ ಮಗಳು ಇಂಚರ. ನಾಲ್ಕನೇ ಕ್ಲಾಸು. ಮಾತು ಬಹಳ ಕಡಿಮೆ. ಟೀಚರುಗಳ ಮೀಟಿಂಗಿಗೆ ಹೋದಾಗಲೆಲ್ಲ "ಒಳ್ಳೇ ಹುಡುಗಿ, ಸ್ವಲ್ಪ ಬಾಯಿ ಬಿಡಬೇಕು" ಎನ್ನುತ್ತಾರೆ. ಅಂಥವಳು ಒಂದು ದಿನ ಊಟದ ಟೇಬಲ್ಲಿನಲ್ಲಿ ತಾನಾಗಿ ಬಾಯಿ ಬಿಟ್ಟಳು. ಸ್ಕೂಲಿಗೆ ಪ್ರಾಣಿರಕ್ಷಣೆಯವರು ಒಂದು ಬಾಕ್ಸ್ ಟರ್ಟಲ್ ತಂದಿದ್ದರಂತೆ. ಯಾರದೋ ಲಾನಿನ ಮೆಷಿನ್ನಿಗೆ ಸಿಕ್ಕಿ ಅದರ ಚಿಪ್ಪು ಒಡೆದಿದೆಯಂತೆ. ಮತ್ತೆ ಕಾಡಿಗೆ ಬಿಡುವಂತಿಲ್ಲ, ಮನೆ ಬೇಕಂತೆ.

"ಅಪ್ಪಾ, ಪ್ಲೀಸ್. ಹೀ ಹ್ಯಾಸ್ ನೋಬಡಿ."

ಈ ಮಾತಿಗೆ ಕರಗದವನು ತಂದೆಯೇ ಅಲ್ಲ. ನಾನು ಕರಗಿದೆ. ನನ್ನ ಹೆಂಡತಿ ಸವಿತಾ ಮಾತ್ರ ಗಟ್ಟಿಯಾಗಿಯೇ ಇದ್ದಳು.

"ರೀ, ಈ ಮನೇಲಿ ತುಳಸಿ ಗಿಡ ಮೂರು ಸಲ ಒಣಗಿದೆ. ಆಮೆ ನೂರು ವರ್ಷ ಬದುಕೋ ಪ್ರಾಣಿ. ಅದಕ್ಕೆ ಯಾಕ್ರೀ ಈ ಗತಿ?"

"ನನ್ನ ಕೆಲಸ ಏನು?" ಎಂದು ಗಂಭೀರವಾಗಿ ಕೇಳಿದೆ. ನಾನು ಇಲ್ಲಿನ ಒಂದು ಡೇಟಾ ಸೆಂಟರಿನಲ್ಲಿ ಕೂಲಿಂಗ್ ನೋಡಿಕೊಳ್ಳುವವನು. "ಸಾವಿರಾರು ಕಂಪ್ಯೂಟರ್‌ಗಳನ್ನ ತಣ್ಣಗೆ ಇಡೋನಿಗೆ ಒಂದು ಆಮೇನ ಬೆಚ್ಚಗೆ ಇಡೋದು ಯಾವ ದೊಡ್ಡ ವಿಷಯ?"

ಆಗಲೇ ಅಮ್ಮ ಸೋಫಾದಿಂದ ತನ್ನ ಆ ಐತಿಹಾಸಿಕ ಹೇಳಿಕೆಯನ್ನು ನೀಡಿದ್ದು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಗೇ ಇರಲು ಬಂದು ಎರಡು ವರ್ಷವಾಗಿತ್ತು. ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ದಿನವಿಡೀ ಊದುಬತ್ತಿ ಹೊಸೆದು ನನ್ನನ್ನು ಓದಿಸಿದವಳು. ಆದ್ದರಿಂದ ನಾನು ಎದುರಾಡಲಿಲ್ಲ. ಪ್ರಾಣಿಶಾಸ್ತ್ರ ಅವಳಿಗೇನು ಗೊತ್ತು, ಪಾಪ, ಎಂದುಕೊಂಡು ಸುಮ್ಮನಾದೆ.

ಆ ಪ್ರಾಣಿರಕ್ಷಣೆಯ ಸಂಸ್ಥೆಯವರ ಷರತ್ತು ಸರಳವಾಗಿತ್ತು. ಆಮೆ ಮೂರು ತಿಂಗಳು ಪರೀಕ್ಷಾರ್ಥವಾಗಿ ನಮ್ಮ ಮನೆಯಲ್ಲಿರುತ್ತದೆ. ಆಮೇಲೆ ಅವರ ಕಡೆಯವರೊಬ್ಬರು ಬಂದು ನೋಡುತ್ತಾರೆ. ಪಾಸಾದರೆ ದತ್ತು ಸರ್ಟಿಫಿಕೇಟು. ಫೇಲಾದರೆ ಸಾಲಿನಲ್ಲಿ ಮುಂದೆ ಕಾಯುತ್ತಿರುವ ಕ್ಲಾರ್ಕ್ಸ್‌ಬರ್ಗಿನ ಇನ್ನೊಂದು ಕುಟುಂಬಕ್ಕೆ ಆಮೆ ಹೋಗುತ್ತದೆ. ಸಪ್ಲಿಮೆಂಟರಿ ಪರೀಕ್ಷೆ ಇಲ್ಲ! ಇದನ್ನು ಕೇಳಿ ನನಗೆ ಸ್ವಲ್ಪ ಬೆವರಿತು.

ಏಪ್ರಿಲ್‌ನಲ್ಲಿ ಆಮೆ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು. ಕಂದು ಚಿಪ್ಪು, ಮೇಲೆ ಹಳದಿ ಗೆರೆಗಳು, ಒಂದು ಕಡೆ ಅಂಟು ಹಾಕಿ ಕೂಡಿಸಿದ ಬಿರುಕು. ಹೆದರಿದರೆ ತಲೆ ಕಾಲುಗಳನ್ನು ಎಳೆದುಕೊಂಡು ಹೊಟ್ಟೆಯ ಕಡೆಯ ಚಿಪ್ಪನ್ನೂ ಬಾಗಿಲಿನಂತೆ ಮುಚ್ಚಿಕೊಂಡು ಉಂಡೆಯಾಗಿಬಿಡುತ್ತಿತ್ತು. "ಥೇಟ್ ಬೋಂಡ" ಎಂದಳು ಅಮ್ಮ. ಇಂಚರ ನಕ್ಕಳು. ಹೆಸರು ಅಲ್ಲಿಗೆ ನಿಂತಿತು. "ಇವನಿಗೆ ಕನ್ನಡ ಮಾತ್ರ ಅರ್ಥ ಆಗತ್ತೆ" ಎಂದು ಅಮ್ಮ ಮೊಮ್ಮಗಳಿಗೆ ಹೇಳಿದ್ದನ್ನು ಅವಳು ಯಾಕೋ ನಂಬಿಬಿಟ್ಟಳು. ನಾವು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಆಮೆಯ ಮುಂದೆ ಮಂಡಿಯೂರಿ "ಬೋಂಡಾ, ಊಟ ಮಾಡು ಬಾ, ಬೇಜಾರ್ ಮಾಡ್ಕೋಬೇಡಾ" ಎನ್ನುವುದನ್ನು ಕೇಳಿ ಸವಿತಾ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಈರುಳ್ಳಿ ಎಂದಳು. ಹೆಚ್ಚುತ್ತಿದ್ದದ್ದು ಬೀನ್ಸು.

ನಾನಾದರೋ ಅಧ್ಯಯನಕ್ಕಿಳಿದಿದ್ದೆ. ಆಮೆ ಸಾಕಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಮುಖ್ಯವಾದದ್ದಕ್ಕೆ ಹಳದಿ ಬಣ್ಣ, ಅತಿ ಮುಖ್ಯಕ್ಕೆ ಗುಲಾಬಿ. ಕೊನೆಗೆ ಎಲ್ಲ ಪುಟವೂ ಗುಲಾಬಿಯಾಯಿತು. ಹಿತ್ತಿಲ ಬಾಗಿಲ ಪಕ್ಕದಲ್ಲಿ ದೊಡ್ಡ ತೊಟ್ಟಿ ಕಟ್ಟಿದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪು. ನಾಲ್ಕು ಸೆನ್ಸರ್, ಎರಡು ದೀಪ, ತಾನೇ ತಾನಾಗಿ ತುಂತುರು ಸುರಿಸುವ ಯಂತ್ರ, ಎಲ್ಲಕ್ಕೂ ಫೋನಿನಲ್ಲಿ ಆ್ಯಪ್. ಎರಡು ಡಿಗ್ರಿ ಏರಿದರೆ ನನ್ನ ಫೋನು ಕೂಗಿಕೊಳ್ಳುತ್ತಿತ್ತು. ಆಫೀಸಿನ ದೊಡ್ಡ ಮೀಟಿಂಗಿನ ನಡುವೆ ಒಮ್ಮೆ ಕೂಗಿತು. ಡೇಟಾ ಸೆಂಟರ್ ಬಿಸಿಯಾಯಿತೆಂದು ಮೂರು ಜನ ಎದ್ದು ಓಡಿದರು!

ಇಷ್ಟಾಗಿಯೂ ಬೋಂಡ ನಾಲ್ಕು ದಿನ ಏನನ್ನೂ ಮುಟ್ಟಲಿಲ್ಲ. ಸೌತೆಕಾಯಿ ಕೊಟ್ಟೆ, ಕ್ಯಾರೆಟ್ ಕೊಟ್ಟೆ, ಬಾಳೆಹಣ್ಣು ಕೊಟ್ಟೆ. ನಾನು ನೋಟ್‌ಬುಕ್ ಹಿಡಿದು ಮುಂದೆ ಕೂತು ಗಮನಿಸುತ್ತಿದ್ದೆ. ಅವನು ಬಾಗಿಲು ಮುಚ್ಚಿಕೊಂಡು ನನ್ನನ್ನು ಗಮನಿಸದೆ ಇರುತ್ತಿದ್ದ. ಪುಸ್ತಕ ತೆರೆದರೆ, ಹಾ, ಇಲ್ಲಿದೆ ಗುಟ್ಟು! ಈ ಜಾತಿಯ ಆಮೆಗೆ ಬರೀ ತರಕಾರಿ ಸಾಲದು. ಹುಳ ಬೇಕು.

ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ನಾನು ಹುಳ ಎಂದೆ. ಅದೂ ಜೀವಂತ. ಅದೂ ಫ್ರಿಜ್ಜಿನಲ್ಲಿ! ತಣ್ಣಗಿದ್ದರೆ ಅವು ನಿದ್ದೆ ಮಾಡುತ್ತಾ ವಾರಗಟ್ಟಲೆ ಕೆಡದೆ ಇರುತ್ತವೆ ಎಂದು ಪುಸ್ತಕ ಹೇಳಿತ್ತು.

"ನೀವು ಫ್ರಿಜ್ಜಲ್ಲಿ ಹುಳ ಇಟ್ರೆ, ನಾನು ಇಡ್ಲಿ ಹಿಟ್ಟು ತಗೊಂಡು ಹೋಗಿ ಗ್ಯಾರೇಜಲ್ಲಿ ಇರ್ತೀನಿ" ಎಂದಳು ಸವಿತಾ.

ಸಂಧಾನ ನಡೆಯಿತು. ಅತಿ ಕೆಳಗಿನ ಅರೆ, ಅತಿ ಹಿಂದಿನ ಮೂಲೆ, ಮುಚ್ಚಿದ ಡಬ್ಬಿ, ಡಬ್ಬಿಯ ಮೇಲೆ ಲೇಬಲ್. ನಾನು ಇಂಜಿನಿಯರ್. ದಪ್ಪ ಕಪ್ಪು ಮಸಿಯಲ್ಲಿ ಇಂಗ್ಲಿಷಿನಲ್ಲಿ "ಬೋಂಡನ ಊಟ" ಎಂದು ಬರೆದು ಅಂಟಿಸಿದೆ. ಮುಚ್ಚಳದ ಮೇಲೆ.

ಡಬ್ಬಿ ಯಾವುದು? ಅಮೆರಿಕದ ಕನ್ನಡಿಗರ ಮನೆಯಲ್ಲಿ ಡಬ್ಬಿ ಎಂದರೆ ಒಂದೇ. ಖಾಲಿಯಾದ ಮೊಸರಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದನ್ನು ಬಿಸಾಡಿದ ಕನ್ನಡತಿಯನ್ನು ನಾನಿನ್ನೂ ನೋಡಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಅಂಥವು ಏಳೆಂಟು ಯಾವಾಗಲೂ ಇರುತ್ತವೆ. ಒಂದರಲ್ಲಿ ಚಟ್ನಿ, ಒಂದರಲ್ಲಿ ಹುಳಿ, ಒಂದರಲ್ಲಿ ತುರಿದ ತೆಂಗಿನಕಾಯಿ, ಒಂದರಲ್ಲಿ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ಎಲ್ಲ ಡಬ್ಬಿಯೂ ಒಂದೇ ಅಳತೆ. ಎಲ್ಲ ಮುಚ್ಚಳವೂ ಒಂದೇ ಅಳತೆ. ಮತ್ತು ಪ್ರತಿ ಶುಕ್ರವಾರ ಅಮ್ಮ ಫ್ರಿಜ್ಜು ಒರೆಸುವಾಗ ಎಲ್ಲ ಮುಚ್ಚಳವನ್ನೂ ತೆಗೆದು ತೊಳೆದು, ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಹಾಕುತ್ತಾಳೆ. ಇದು ನನ್ನ ಸ್ಪೈರಲ್ ಪುಸ್ತಕದಲ್ಲಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸವಿತಾ ಮಗಳನ್ನು ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಅಮ್ಮ ಹಿತ್ತಿಲಲ್ಲಿ ತನ್ನ ಸೊಪ್ಪಿನ ಪಾತಿಯ ಹತ್ತಿರ. ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಪದ್ಮಾ ಆಂಟಿ. ಮಹಾ ಮಡಿವಂತರು. ಕೈಯಲ್ಲಿ ಒಂದು ಸಣ್ಣ ಬೆಳ್ಳಿ ಬಟ್ಟಲು. ಕಿವಿಗೆ ಫೋನು.

"ಸ್ವಲ್ಪ ಹೆಪ್ಪು ಕೊಡ್ತೀಯೇನಪ್ಪಾ? ನಮ್ಮನೇದು ಯಾಕೋ ಲೋಳೆ ಆಗ್ತಿದೆ. ನಾಳೆ ಪೂಜೆಗೆ ಮೊಸರು ಬೇಕು."

"ಬಟ್ಟಲು ಯಾಕೆ ಆಂಟಿ? ಡಬ್ಬಿನೇ ತಗೊಂಡ್ಹೋಗಿ" ಎಂದೆ. ಉದಾರಿ ನಾನು! ಫ್ರಿಜ್ಜು ತೆರೆದು, "ಬೋಂಡನ ಊಟ" ಎಂಬ ಮುಚ್ಚಳವಿದ್ದ ಡಬ್ಬಿಯನ್ನು ಬಹಳ ಎಚ್ಚರಿಕೆಯಿಂದ ಬಿಟ್ಟು, ಅದರ ಪಕ್ಕದಲ್ಲಿದ್ದ ಲೇಬಲ್ಲಿಲ್ಲದ ಡಬ್ಬಿಯನ್ನು ತೆಗೆದುಕೊಟ್ಟೆ. ಆಂಟಿ ಆಶೀರ್ವಾದ ಮಾಡಿ ಹೋದರು.

ಆಮೇಲೆ ನಡೆದದ್ದನ್ನು ಆಂಟಿಯ ಬಾಯಿಂದಲೇ ಕೇಳಿದ್ದೇನೆ, ಬೇಕಾದ್ದಕ್ಕಿಂತ ಹೆಚ್ಚು ಸಲ. ಬೆಂಗಳೂರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ, ಡಬ್ಬಿಯ ಕಡೆ ನೋಡದೆ, ಚಮಚ ತುಂಬಾ ತೆಗೆದು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಕದಡಿದ್ದಾರೆ. ಈಗ ನೀವೇ ಯೋಚಿಸಿ. ವಾರದಿಂದ ಚಳಿಯಲ್ಲಿ ಮಲಗಿದ್ದ ಹುಳಗಳಿಗೆ ಒಮ್ಮೆಲೇ ಬೆಚ್ಚಗಿನ ಹಾಲಿನ ಸ್ನಾನ! ಎಲ್ಲವೂ ಎದ್ದವು.

ಫೋನು ಬಂತು.

"ಏನಪ್ಪಾ, ನಿಮ್ಮನೆ ಮೊಸರು ಈಜ್ತಾ ಇದೆ!"

ಓಡಿಹೋದೆ. ಕ್ಷಮೆ ಕೇಳಿದೆ. ಒಂದೊಂದಾಗಿ ಎಣಿಸಿ ತೆಗೆಯಲು ಹೊರಟೆ. ಆಂಟಿ ಪಾತ್ರೆಯ ಸಮೇತ ನನ್ನನ್ನು ಹೊರಗೆ ಹಾಕಿದರು. ಸಂಜೆಯ ಹೊತ್ತಿಗೆ ನಮ್ಮ ಬಡಾವಣೆಯ ಕನ್ನಡ ಗುಂಪಿನ ವಾಟ್ಸ್ಆ್ಯಪ್‌ನಲ್ಲಿ "ಹೆಪ್ಪು ಬೇಕಾದವರು ದಯವಿಟ್ಟು ಬೇರೆ ಮನೆ ನೋಡಿಕೊಳ್ಳಿ" ಎಂಬ ಪ್ರಕಟಣೆ ಬಂತು. ಹೆಸರು ಹಾಕಿರಲಿಲ್ಲ. ಆದರೆ ಮೂವತ್ತೆರಡು ಜನ ನನಗೇ ಆಮೆಯ ಚಿತ್ರ ಕಳಿಸಿದರು.

ಆದರೂ ನಾನು ಧೃತಿಗೆಡಲಿಲ್ಲ. ಏಕೆಂದರೆ ಬೋಂಡನ ತೂಕ ಏರುತ್ತಿತ್ತು! ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಗ್ರಾಫು ಹಾಕುತ್ತಿದ್ದೆ. ಗೆರೆ ಮೇಲಕ್ಕೇ ಹೋಗುತ್ತಿತ್ತು. ಹೊಸದಾಗಿ ತಂದ ಹುಳಗಳು ಮಾತ್ರ ಎಷ್ಟು ಹಾಕಿದರೂ ಕಡಿಮೆಯಾಗುತ್ತಿರಲಿಲ್ಲ. ಅವು ಮರಿ ಹಾಕುತ್ತಿರಬೇಕು ಎಂದುಕೊಂಡೆ. ಗ್ರಾಫನ್ನು ಪ್ರಿಂಟ್ ತೆಗೆದು ನನ್ನ ಡಿಗ್ರಿಯ ಕೆಳಗೆ ಅಂಟಿಸಿದೆ. ಅಮ್ಮ ಬಂದು ನೋಡಿ, "ಗೆರೆ ಚೆನ್ನಾಗಿದೆ ಕಣೋ" ಎಂದಳು. ಸವಿತಾ ಯಾಕೋ ಕೆಮ್ಮಿದಳು.

ಜುಲೈ ಬಂತು. ನಾಳೆ ಪರೀಕ್ಷೆ. ಇವತ್ತು ಸಂಜೆ ನಾಲ್ಕು ಗಂಟೆ, ನಾನು ರಜೆ ಹಾಕಿ ಮನೆಯಲ್ಲಿದ್ದೆ. ಪರೀಕ್ಷಕರಿಗೆ ತೋರಿಸಲು ನಾನು ಮಾಡಿದ್ದ ಇಪ್ಪತ್ತೆರಡು ಸ್ಲೈಡುಗಳಿಗೆ ಬೋಂಡನ ಒಂದು ಒಳ್ಳೆಯ ಫೋಟೋ ಬೇಕಿತ್ತು. ಹಿತ್ತಿಲ ಹುಲ್ಲಿನ ಮೇಲೆ ಅವನನ್ನು ಇಟ್ಟೆ. ಎಂದಿನಂತೆ ಬಾಗಿಲು ಮುಚ್ಚಿಕೊಂಡ. ಸರಿ, ಅವನು ತೆರೆಯುವುದರೊಳಗೆ ತೊಟ್ಟಿಯ ತೇವಾಂಶ ನೋಡಿಬಿಡೋಣವೆಂದು ಫೋನು ತೆಗೆದೆ. ಆ್ಯಪ್ ಅಪ್‌ಡೇಟ್ ಕೇಳಿತು. ಮಾಡಿದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ತಪ್ಪೆಂದಿತು. ಬದಲಾಯಿಸಿದೆ.

ತಲೆ ಎತ್ತಿದರೆ ಹುಲ್ಲಿದೆ, ಬೋಂಡನಿಲ್ಲ.

ಜಗತ್ತಿನಲ್ಲಿ ಆಮೆಯ ಕೈಲಿ ಓಟದಲ್ಲಿ ಸೋತ ಏಕೈಕ ಪದವೀಧರ ನಾನೇ ಇರಬೇಕು!

ಹಿತ್ತಿಲು ದೊಡ್ಡದೇನಲ್ಲ. ಆದರೆ ಬೇಲಿಯ ಕೆಳಗೆ ಸಂದುಗಳಿವೆ, ಬೇಲಿಯಾಚೆ ರಸ್ತೆಯಿದೆ. ನಾನು ದಾರ ತಂದು ಹಿತ್ತಿಲನ್ನು ಚೌಕ ಚೌಕವಾಗಿ ಭಾಗ ಮಾಡಿ, ಎ-ಒಂದು, ಎ-ಎರಡು ಎಂದು ಹುಡುಕತೊಡಗಿದೆ. ಸವಿತಾ ಕಾಂಪೋಸ್ಟಿನ ರಾಶಿ ಕೆದಕಿದಳು. ಇಂಚರ ಬರಿಗಾಲಲ್ಲಿ ಬೇಲಿಯುದ್ದಕ್ಕೂ ಓಡಾಡಿದಳು. "ಬೋಂಡಾ, ಬಾರೋ. ಬೋಂಡಾ." ಅರ್ಧ ಗಂಟೆಯಾದ ಮೇಲೆ ಅವಳು ಬಂದು ನನ್ನ ಮುಂದೆ ನಿಂತಳು. ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು.

"ಅಪ್ಪಾ, ಎಲ್ಲಾ ಓದಿದೀನಿ ಅಂದ್ಯಲ್ಲ."

ಎಮ್-ತ್ರೀ ಮೂರನೇ ಸಲ ಹೋದಾಗ ಕೂಡ ಹೀಗೆ ನೆಲ ನೋಡಿಕೊಂಡು ನಿಂತಿರಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿ ಅಮ್ಮ ಹೊರಗೆ ಬಂದಳು. ದಾರದ ಬಲೆಯನ್ನು ನೋಡಿದಳು. "ಏನೋ ಇದು, ಹಪ್ಪಳ ಒಣಗಿಸ್ತೀಯಾ?"

"ಅಮ್ಮಾ, ಬೋಂಡ ಕಳೆದುಹೋದ."

"ಟೈಮೆಷ್ಟು?"

"ಟೈಮ್ ತಗೊಂಡು ಏನ್ಮಾಡ್ತೀಯಮ್ಮಾ!"

"ಹೇಳೋ, ಸುಮ್ನೆ."

"ನಾಲ್ಕೂವರೆ."

"ಹಂಗಾದ್ರೆ ಟೊಮೇಟೊ ಗಿಡದ ಬುಡದಲ್ಲಿರ್ತಾನೆ. ಐದಾದ್ಮೇಲೆ ದಂಟಿನ ಸೊಪ್ಪಿನ ಕಡೆ ಬರ್ತಾನೆ."

ಟೊಮೇಟೊ ಗಿಡದ ಬುಡದ ಒದ್ದೆ ಎಲೆ ಸರಿಸಿದಳು. ಬೋಂಡ ಕತ್ತು ಪೂರ್ತಿ ಚಾಚಿ, ಬಾಯಲ್ಲಿ ಅರ್ಧ ಎರೆಹುಳ ಇಟ್ಟುಕೊಂಡು ನಮ್ಮನ್ನು ನೋಡಿದ. ಇಂಚರ ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಆಗ ಅತ್ತಳು.

ಸತ್ಯ ಹೊರಗೆ ಬಿದ್ದದ್ದು ಹಾಗೆ. ಐದನೇ ದಿನದಿಂದ, ನಾನು ಕೆಲಸಕ್ಕೆ ಹೋದ ಕೂಡಲೇ, ಶನಿವಾರ ನಾನು ನಿದ್ದೆಯಿಂದ ಏಳುವ ಮುಂಚೆ, ಅಮ್ಮ ಬೋಂಡನನ್ನು ಎತ್ತಿಕೊಂಡು ಹೋಗಿ ಸೊಪ್ಪಿನ ಪಾತಿಯಲ್ಲಿ ಬಿಡುತ್ತಿದ್ದಳು. ನಾನು ಬರುವ ಹೊತ್ತಿಗೆ ತೊಳೆದು ತೊಟ್ಟಿಗೆ ಹಾಕುತ್ತಿದ್ದಳು. ನನ್ನ ಸೆನ್ಸರುಗಳು ತೊಟ್ಟಿಯ ಬಿಸಿ ಅಳೆಯುತ್ತಿದ್ದವೇ ಹೊರತು, ಒಳಗೆ ಆಮೆ ಇದೆಯೋ ಇಲ್ಲವೋ ಎಂಬುದನ್ನಲ್ಲ. ಹತ್ತಿರ ಹತ್ತಿರ ಮೂರು ತಿಂಗಳು, ದಿನಕ್ಕೆ ಎಂಟು ಗಂಟೆ, ನಾನು ಖಾಲಿ ತೊಟ್ಟಿಗೆ ಅತ್ಯುತ್ತಮ ಹವಾಮಾನ ಒದಗಿಸಿದ್ದೆ!

"ನಿಂಗೂ ಗೊತ್ತಿತ್ತಾ?" ಎಂದು ಮನೆಯಿಂದಲೇ ಕೆಲಸ ಮಾಡುವ ಸವಿತಾಳನ್ನು ಕೇಳಿದೆ.

"ಗ್ರಾಫ್ ನೋಡ್ಕೊಂಡು ಅಷ್ಟು ಖುಷಿಯಾಗಿದ್ರಿ. ಯಾಕೆ ಹಾಳು ಮಾಡ್ಲಿ ಅಂತ..."

"ಅಮ್ಮಾ, ಮಡಿ ಮೈಲಿಗೆ ಅಂತೀಯ. ನೀನೇ ಹುಳ ತಿನ್ನಿಸಿದ್ಯಾ?"

"ನಾನ್ಯಾಕಪ್ಪ ತಿನ್ನಿಸ್ಲಿ? ಎಲ್ಲಿದೆ ಅಂತ ತೋರಿಸ್ದೆ ಅಷ್ಟೇ. ತಿಂದಿದ್ದು ಅವನ ಕರ್ಮ." ಸೆರಗಿನಿಂದ ಬೋಂಡನ ಚಿಪ್ಪಿನ ಮಣ್ಣು ಒರೆಸಿದಳು. "ನಿಮ್ಮಪ್ಪನ ಕುದುರೇನೂ ಹಿಂಗೇ ಇತ್ತು. ಹೊಸ ಜಾಗಕ್ಕೆ ಬಂದ್ರೆ ಮೇವು ಮುಟ್ತಿರ್ಲಿಲ್ಲ. ಹೊರಗೆ ಬಿಟ್ಟು, ಪಕ್ಕದಲ್ಲಿ ನಮ್ಮ ಪಾಡಿಗೆ ನಾವು ಕೂತ್ಕೋಬೇಕು. ನೀನು ಪುಸ್ತಕ ಹಿಡ್ಕೊಂಡು ಮುಖದ ಮುಂದೆ ಕೂತ್ರೆ ಯಾರು ತಿಂತಾರೆ? ಉಣ್ಣೋರ ಬಾಯಿ ನೋಡ್ಬಾರ್ದು ಕಣೋ."

ಮರುದಿನ ಹತ್ತು ಗಂಟೆಗೆ ಪರೀಕ್ಷಕಿ ಬಂದರು. ಕ್ಯಾರಲ್ ಎಂದು ಹೆಸರು. ನೆರೆತ ಕೂದಲು, ಮಣ್ಣು ಮೆತ್ತಿದ ಬೂಟು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿ ಟಿ.ವಿ.ಯಲ್ಲಿ ಸ್ಲೈಡು ಶುರು ಮಾಡಿದೆ. ಮೂರನೇ ಸ್ಲೈಡಿಗೆ ಅವರು ತೊಟ್ಟಿಯೊಳಗೆ ಬಗ್ಗಿ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: "ಚೆನ್ನಾಗಿದೆ. ಆಮೆ ಎಲ್ಲಿ?"

ತೊಟ್ಟಿ ಖಾಲಿ! ಟೈಮು ಹತ್ತಾಗಿತ್ತಲ್ಲ.

ಎಲ್ಲರೂ ಹಿತ್ತಿಲಿಗೆ ಹೋದೆವು. ಅಮ್ಮ ಸಣ್ಣ ಸ್ಟೂಲಿನ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪಾದದ ಹತ್ತಿರ ಬೋಂಡ. ನಾನು ಹತ್ತಿರ ಹೋದೆ, ಅವನು ಮುಚ್ಚಿಕೊಂಡ. ನಾನು ಹಿಂದೆ ಬಂದೆ, ಅವನು ತೆರೆದುಕೊಂಡ. ಕ್ಯಾರಲ್ ಇದನ್ನು ಬರೆದುಕೊಂಡರು. ಇನ್ನೊಮ್ಮೆ ಹತ್ತಿರ ಹೋಗಲು ಹೇಳಿದರು. ಮತ್ತೆ ಮುಚ್ಚಿಕೊಂಡ. ಅದನ್ನೂ ಬರೆದುಕೊಂಡರು.

ಆಮೇಲೆ ನನ್ನನ್ನು ಬಿಟ್ಟು ಅಮ್ಮನನ್ನು ಕೇಳತೊಡಗಿದರು. ಮಧ್ಯದಲ್ಲಿ ನಿಂತು ಎರಡೂ ಕಡೆಗೆ ಹೇಳಿದವಳು ಇಂಚರ. ಮಳೆ ಬಂದ ದಿನ ಏನು ಮಾಡುತ್ತಾನೆ? ಯಾವುದನ್ನು ತಿನ್ನುವುದಿಲ್ಲ? ಬಿರುಕಿನ ಜಾಗ ಮುಟ್ಟಿದರೆ? ಅಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದಳು. ಇಂಚರ ಇಪ್ಪತ್ತು ನಿಮಿಷ ಬಾಯಿ ಮುಚ್ಚಲಿಲ್ಲ. ಅಜ್ಜಿ ಹೇಳದ್ದನ್ನೂ ಸೇರಿಸಿ ಹೇಳಿದಳು.

"ಗಂಡೋ ಹೆಣ್ಣೋ?" ಎಂದು ಕ್ಯಾರಲ್ ಕೇಳಿದಾಗ ನಾನು ಇದ್ದಬದ್ದ ಧೈರ್ಯ ಕೂಡಿಸಿ ಬಾಯಿ ಹಾಕಿದೆ. ಕಣ್ಣು ಕೆಂಪಗಿದ್ದರೆ ಸಾಮಾನ್ಯವಾಗಿ ಗಂಡು ಎಂದು ಪುಸ್ತಕದಲ್ಲಿತ್ತು. ಆದರೆ ಬೋಂಡ ನನಗೆ ಕಣ್ಣು ತೋರಿಸಿದ್ದೇ ಅಪರೂಪ. ಅಷ್ಟು ನಾಚಿಕೆ ಸ್ವಭಾವ ನೋಡಿ, "ಹೆಣ್ಣು ಇರಬಹುದು" ಎಂದೆ.

"ಗಂಡು" ಎಂದಳು ಅಮ್ಮ. "ತಿಂದ ತಟ್ಟೆ ಮೇಲೇ ಹತ್ತಿ ಕೂತ್ಕೋತಾನೆ. ಇನ್ನೇನು ಹೆಣ್ಣಾಗತ್ತಾ?"

ಇಂಚರ ಅನುವಾದಿಸಿದಳು. ಕ್ಯಾರಲ್ ಬೋಂಡನ ಕೆಂಪು ಕಣ್ಣು ನೋಡಿ, ಆಮೇಲೆ ನನ್ನನ್ನು ನೋಡಿ, ಬಹಳ ಹೊತ್ತು ನಕ್ಕರು. ಸವಿತಾ ಇನ್ನೂ ನಗುತ್ತಿದ್ದಾಳೆ.

ಹಾಲಿಗೆ ಬಂದು, ಟೇಬಲ್ಲಿನ ಮೇಲೆ ಫೈಲು ತೆರೆದು, ಕ್ಯಾರಲ್ ದಪ್ಪ ಕಾಗದದ ಮೇಲೆ ಬರೆದರು. "ಮುಖ್ಯ ಪಾಲಕರು" ಎಂಬಲ್ಲಿ ಅಮ್ಮನ ಹೆಸರು. ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದವಳು ಇಂಚರ. "ಸಹಾಯಕರು" ಎಂಬಲ್ಲಿ ಇಂಚರ. "ಮನೆಯ ಇತರ ಸದಸ್ಯರು" ಎಂಬ ಸಾಲಿನಲ್ಲಿ ನಾನಿದ್ದೆ. ಅದೂ ಸವಿತಾಳ ನಂತರ.

ಅಮ್ಮ ಮೆಂತ್ಯದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅದರ ಮೇಲೆ ಬೆರಳಾಡಿಸುತ್ತಾ, "ಇದರಲ್ಲಿ ನನ್ನ ಹೆಸರು ಎಲ್ಲಿದೆ ಮಗಾ?" ಎಂದು ಮೊಮ್ಮಗಳನ್ನು ಕೇಳಿದಳು. ಇಂಚರ ತೋರಿಸಿದಳು. ಅಲ್ಲೇ ಬೆರಳಿಟ್ಟುಕೊಂಡಳು. "ಅಮ್ಮಾ" ಎಂದು ಏನೋ ದೊಡ್ಡ ಮಾತು ಆಡಲು ಹೊರಟೆ.

ಅವಳು ಗೋಡೆಯ ನಟ್ಟನಡುವೆ ತೂಗುತ್ತಿದ್ದ ನನ್ನ ಬಿ.ಇ.ಯನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂದು ಸ್ವಲ್ಪ ಆ ಕಡೆ ಜರುಗಿಸಪ್ಪ. ನಂದು ಒಂದೇ ಸಲಕ್ಕೆ ಪಾಸು."